ಅಂಕಿತವಿಲ್ಲದ ಕಿಟ್ಲಿ

ಘತ್ತರಗಿಯಲ್ಲಿ ಭಾಗ್ಯವಂತಿ ದೇವಿಯ ಗುಡಿಗೆ ಹೋಗುವ ದಾರಿಯಲ್ಲಿ ನಮ್ಮ ಕಾಕಾನ ಚಹಾದಂಗಡಿ ಇದೆ. ಅಮಾವಾಸ್ಯೆಯ ದಿನ ಭೀಮಾ ನದಿಯಲ್ಲಿ ಮಿಂದು ಬರುವ ಭಕ್ತರಿಗೆ ಅಂಗಡಿಯೊಳಗೆ ಕೂರಲು ಜಾಗ ಸಾಲುವುದಿಲ್ಲ. ಆಗ ಕಾಕಾ ಅಲ್ಯೂಮಿನಿಯಂ ಕಿಟ್ಲಿಯಲ್ಲಿ ಚಹಾ ತುಂಬಿಕೊಂಡು ತೆಂಗಿನಕಾಯಿ, ಕರ್ಪೂರ ಮಾರುವವರ ಸಾಲಿಗೆ ತಾನೇ ಹೋಗುತ್ತಾನೆ. ಕಿಟ್ಲಿಯ ಹೊಟ್ಟೆ ಒಂದು ಕಡೆ ತಗ್ಗಾಗಿದೆ. ಹಿಡಿಕೆಗೆ ಹಳೆಯ ಧೋತರದ ತುಂಡು ಸುತ್ತಿದೆ. ಮುಚ್ಚಳ ಕಳೆದುಹೋಗಿ ಎಷ್ಟೋ ವರ್ಷಗಳಾದವು, ಈಗ ಸ್ಟೀಲಿನ ಒಂದು ಬಟ್ಟಲು ಆ ಕೆಲಸ ಮಾಡುತ್ತದೆ. ಎಷ್ಟು ಉಳಿದಿದೆ ಎಂದು ಕಾಕಾ ಒಳಗೆ ಇಣುಕಿ ನೋಡುವುದಿಲ್ಲ. ಎತ್ತಿದ ಕೂಡಲೇ "ಇನ್ನಾ ಆರು ಕಪ್ ಅದ" ಎನ್ನುತ್ತಾನೆ. ಸುರುವಿ ನೋಡಿದರೆ ಆರೇ ಇರುತ್ತದೆ.

ನಾನು ಕಲಬುರಗಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಈ ಭಾಗದ ಕುಶಲ ಕಲೆಗಳು ಮ್ಯೂಸಿಯಂಗಳೊಳಗೆ ಹೋದ ಮೇಲೆ ಏನಾಗುತ್ತವೆ ಎನ್ನುವುದು ನನ್ನ ವಿಷಯ. ನಾಲ್ಕು ವರ್ಷ ಪಾತ್ರೆ, ಪರಡಿಗಳ ಬಗ್ಗೆ ಓದಿದ ನಾನು ಕಾಕಾನ ಕಿಟ್ಲಿಯ ಬಗ್ಗೆ ಒಂದು ಸಾಲನ್ನೂ ಬರೆದಿರಲಿಲ್ಲ. ಅದರ ಕಡೆಗೆ ನನ್ನ ಕಣ್ಣು ತಿರುಗಿದ್ದು ಅಮೆರಿಕದ ಟೀಪಾಟುಗಳಿಂದ.

ವಿಸ್ಕಾನ್ಸಿನ್ ರಾಜ್ಯದ ರೇಸೀನ್ ಕಲಾ ಮ್ಯೂಸಿಯಂ ಸಮಕಾಲೀನ ಕರಕುಶಲ ವಸ್ತುಗಳ ಸಂಗ್ರಹಕ್ಕೆ ಹೆಸರಾದದ್ದು. ಕಲಾವಿದರು ಮಾಡಿದ ಟೀಪಾಟುಗಳೇ ಅಲ್ಲಿ ಒಂದು ದೊಡ್ಡ ಬಳಗ. ಇಂಗ್ಲೆಂಡಿನ ನಾರಿಚ್ ಕೋಟೆಯ ಮ್ಯೂಸಿಯಂನಲ್ಲೂ ಟೀಪಾಟುಗಳ ದೊಡ್ಡ ಸಂಗ್ರಹವಿದೆ, ಆದರೆ ಅಲ್ಲಿನವು ಹೆಚ್ಚಾಗಿ ಹಿಂದೊಮ್ಮೆ ಮೇಜಿನ ಮೇಲೆ ಚಹಾ ಸುರಿದವು. ಸಮಕಾಲೀನ ಕಲಾವಿದರದ್ದು ಬೇರೆ. ಒಂದಕ್ಕೆ ಹಿಡಿಕೆ ಇದೆ, ಹಿಡಿಯಲು ಬರುವುದಿಲ್ಲ. ಇನ್ನೊಂದಕ್ಕೆ ಮೂತಿ ಇದೆ, ಅದರಿಂದ ಹನಿಯೂ ಬೀಳಲಾರದು. ಹಾಸ್ಟೆಲ್ಲಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮೇಲೆ ಇವುಗಳ ಚಿತ್ರ ನೋಡಿದಾಗ ಮೊದಲು ನನಗೆ ನಗು ಬಂತು. ಚಹಾ ಬೀಳದ ಮೇಲೆ ಅದು ಯಾತರ ಟೀಪಾಟು?

ಆ ನಗುವಿಗೆ ನಮ್ಮ ಅಡುಗೆಮನೆಯೂ ಕಾರಣ. ನಮ್ಮ ಕಡೆ ಚಹಾ ಎಂದರೆ ನೀರು, ಹಾಲು, ಸಕ್ಕರೆ, ಚಹಾಪುಡಿ ಎಲ್ಲ ಒಟ್ಟಿಗೆ ಒಲೆಯ ಮೇಲೆ ಕುದಿಯಬೇಕು. ಕುದಿದದ್ದನ್ನು ಸೋಸಿ ಕಪ್ಪಿಗೆ ಹಾಕಿದರೆ ಮುಗಿಯಿತು. ನನ್ನ ಆಯಿ ಕಪ್ಪಿನಿಂದ ಬಶಿಗೆ ಸುರುವಿ, ಉಫ್ ಎಂದು ಊದಿ ಕುಡಿಯುತ್ತಿದ್ದಳು. ಟೀಪಾಟು ಬೇಕಾಗುವುದು ಎಲೆಯ ಮೇಲೆ ಬಿಸಿನೀರು ಹಾಕಿ, ಮುಚ್ಚಿಟ್ಟು, ರಸ ಬಿಡುವವರೆಗೂ ಕಾಯುವವರಿಗೆ. ನಮ್ಮ ಕಿಟ್ಲಿ ಚಹಾ ಮಾಡುವ ಪಾತ್ರೆಯಲ್ಲ, ಮಾಡಿದ್ದನ್ನು ಹೊತ್ತೊಯ್ಯುವ ಪಾತ್ರೆ. ಹಾಗಾಗಿ ಟೀಪಾಟು ನಮಗೆ ಸಾಹೇಬರ ಬಂಗಲೆಯ ಸಾಮಾನು, ಸಿನಿಮಾದಲ್ಲಿ ಶ್ರೀಮಂತರ ಮನೆಯ ಟ್ರೇಯಲ್ಲಿ ಬರುವ ವಸ್ತು. ಮ್ಯೂಸಿಯಂಗೆ ಹೋಗುವ ಮೊದಲೇ ಅದು ನಮ್ಮ ಪಾಲಿಗೆ ನೋಡುವ ವಸ್ತುವಾಗಿತ್ತು.

ನಗು ಇಳಿದ ಮೇಲೆ ಮತ್ತೆ ಮತ್ತೆ ನೋಡಿದೆ. ಮೂರು ಟೀಪಾಟುಗಳು ಮನಸ್ಸಿನಲ್ಲಿ ಉಳಿದವು.

ಮೊದಲನೆಯದು ರಷ್ಯಾದ ಕಝಿಮಿರ್ ಮಾಲೆವಿಚ್ 1923ರಲ್ಲಿ ಪೆಟ್ರೋಗ್ರಾಡಿನ ಸರ್ಕಾರಿ ಪಿಂಗಾಣಿ ಕಾರ್ಖಾನೆಗೆ ರಚಿಸಿದ್ದು. ಬಿಳಿಯ ಚೌಕ, ಆಯತ, ಅರ್ಧವೃತ್ತಗಳನ್ನು ಒಂದಕ್ಕೊಂದು ಒತ್ತಿಟ್ಟ ಹಾಗಿದೆ, ಸಣ್ಣದೊಂದು ಕಟ್ಟಡದಂತೆ. ಇದು ಬಳಸಲು ಬರುವುದಿಲ್ಲ ಎಂದು ಆಗಲೇ ಆಕ್ಷೇಪ ಬಂತು. ಇದು ಟೀಪಾಟಲ್ಲ, ಟೀಪಾಟಿನ ಕಲ್ಪನೆ ಎಂದು ಅವನು ಉತ್ತರಿಸಿದನಂತೆ. ಈ ಉತ್ತರ ಚೆನ್ನಾಗಿದೆ, ಆದರೆ ವಸ್ತುವನ್ನು ನೋಡಿದಾಗ ನನಗೆ ಅಷ್ಟು ಒಪ್ಪಿಗೆಯಾಗಲಿಲ್ಲ. ಕಲ್ಪನೆ ದೊಡ್ಡದಾಗಿ, ಕೈ ಸಣ್ಣದಾಗಿದೆ. ಎಲ್ಲಿ ಹಿಡಿಯಬೇಕು ಎಂದು ಕಣ್ಣು ಹುಡುಕುತ್ತದೆ, ಸಿಗುವುದಿಲ್ಲ, ಆಮೇಲೆ ಹುಡುಕುವುದನ್ನೇ ಬಿಡುತ್ತದೆ. ಬಿಟ್ಟ ಕೂಡಲೇ ಅದು ಶಿಲ್ಪವಾಗುತ್ತದೆ. ಶಿಲ್ಪವಾಗಿ ನೋಡಿದರೆ ಅದಕ್ಕಿಂತ ಒಳ್ಳೆಯ ಕೃತಿಗಳನ್ನು ಅವನೇ ಮಾಡಿದ್ದಾನೆ.

ಎರಡನೆಯದು ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಮರಿಯಾನೆ ಬ್ರಾಂಡ್ಟ್ 1924ರಲ್ಲಿ ಮಾಡಿದ ಪುಟ್ಟ ಪಾತ್ರೆ. ಎತ್ತರ ಗೇಣಿನ ಅರ್ಧದಷ್ಟೂ ಇಲ್ಲ. ಲೋಹದ ಅರ್ಧಗೋಳ, ಅಡಿಯಲ್ಲಿ ಅಡ್ಡಪಟ್ಟಿಗಳ ಕಾಲು, ಕರಿಮರದ ಅರ್ಧಚಂದ್ರದ ಹಿಡಿಕೆ, ಒಂದು ಪಕ್ಕಕ್ಕೆ ಸರಿದ ದುಂಡು ಮುಚ್ಚಳ. ಗಟ್ಟಿ ಕಷಾಯ ಇಳಿಸಿ, ಕಪ್ಪಿನಲ್ಲಿ ಬಿಸಿನೀರು ಬೆರೆಸಿಕೊಳ್ಳಲು ಮಾಡಿದ್ದು. ಅದಕ್ಕೇ ಅಷ್ಟು ಚಿಕ್ಕದು. ಲೋಹದ ಕೆಲಸದ ವಿಭಾಗಕ್ಕೆ ಸೇರಿದ ಮೊದಲ ಹೆಣ್ಣುಮಗಳು ಅವಳು. ಮೊದಮೊದಲು ಅವಳಿಗೆ ತಗಡು ಬಡಿದು ಅರ್ಧಗೋಳ ಮಾಡುವ ಬೇಸರದ ಕೆಲಸವನ್ನೇ ಕೊಟ್ಟರಂತೆ. ಆ ಅರ್ಧಗೋಳವನ್ನೇ ಅವಳು ತನ್ನ ಅತ್ಯುತ್ತಮ ಕೃತಿಯ ಹೊಟ್ಟೆ ಮಾಡಿಕೊಂಡಳು. ನ್ಯೂಯಾರ್ಕು, ಲಂಡನ್ನಿನ ದೊಡ್ಡ ಮ್ಯೂಸಿಯಂಗಳಲ್ಲಿ ಅದರ ಪ್ರತಿಗಳಿವೆ. ನೋಡಿದವರ ಬೆರಳು ತಾನಾಗಿ ಮಡಚಿಕೊಳ್ಳುವಂತೆ ಆ ಹಿಡಿಕೆ ಇದೆ.

ಮೂರನೆಯವನು ಅಮೆರಿಕದ ರಿಚರ್ಡ್ ನಾಟ್ಕಿನ್, 1948ರಲ್ಲಿ ಹುಟ್ಟಿದವನು. ಚೀನಾದ ಯಿಶಿಂಗ್ ಊರಿನ ಮಣ್ಣಿನ ಟೀಪಾಟುಗಳನ್ನು ಗುರುವಾಗಿ ಇಟ್ಟುಕೊಂಡು ಇವನು ಒಂದು ಮಾಲೆಯನ್ನೇ ಮಾಡಿದ್ದಾನೆ. ಅದರಲ್ಲಿ ಅಣುವಿದ್ಯುತ್ ಸ್ಥಾವರದ ಶೈತ್ಯಗೋಪುರಗಳ ಆಕಾರದ್ದೊಂದಿದೆ. ಗೋಪುರಗಳಿಗೆ ಒಂದು ಹಿಡಿಕೆ, ಒಂದು ಮೂತಿ. ಕೈಗೆ ಹಿಡಿಯುವಷ್ಟು ಸಣ್ಣದು, ಕೆಲಸ ಅಕ್ಕಸಾಲಿಗನಷ್ಟು ನಾಜೂಕು. ಇಲ್ಲಿ ನನ್ನ ನಗು ಪೂರ್ತಿ ನಿಂತಿತು. ಹಿಡಿಕೆ ಇದೆ ಎಂದ ಮೇಲೆ ಯಾರೋ ಎತ್ತುತ್ತಾರೆ. ಮೂತಿ ಇದೆ ಎಂದ ಮೇಲೆ ಯಾರದೋ ಕಪ್ಪಿಗೆ ಏನೋ ಬೀಳುತ್ತದೆ. ಏನು ಬೀಳುತ್ತದೆ, ಯಾರ ಕಪ್ಪಿಗೆ? ಗೋಪುರವನ್ನಷ್ಟೇ ಮಾಡಿಟ್ಟಿದ್ದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ನಮ್ಮಲ್ಲಿ ಬೆಡಗಿನ ವಚನಗಳನ್ನು ಓದಿದವರಿಗೆ ಇದು ಹೊಸದಲ್ಲ. ಅಲ್ಲಮನ ಬೆಡಗಿನಲ್ಲಿ ಮಾತಿನ ಅರ್ಥ ತಲೆಕೆಳಗಾಗಿರುತ್ತದೆ. ವ್ಯಾಕರಣ ಮಾತ್ರ ನೆಟ್ಟಗಿರುತ್ತದೆ. ಕರ್ತೃ, ಕರ್ಮ, ಕ್ರಿಯಾಪದ ತಂತಮ್ಮ ಜಾಗದಲ್ಲಿ ಇರುವುದರಿಂದಲೇ ಓದುವವರು ಅರ್ಥಕ್ಕಾಗಿ ತಡಕಾಡುತ್ತಾರೆ. ಟೀಪಾಟಿಗೆ ಹಿಡಿಕೆ, ಮೂತಿ, ಮುಚ್ಚಳಗಳೇ ವ್ಯಾಕರಣ. ಅದನ್ನು ಬಲ್ಲ ಕೈ ಮಾತ್ರ ಅದನ್ನು ಮುರಿಯಬಲ್ಲದು. ಕಲಾವಿದರ ಟೀಪಾಟು ಬಳಕೆಯನ್ನು ಬಿಟ್ಟು ಕಲೆಯಾಗುತ್ತದೆ ಎಂದು ಮ್ಯೂಸಿಯಂನ ಬರಹಗಳು ಹೇಳುವುದುಂಟು. ನನಗೆ ಹಾಗೆ ಕಾಣಲಿಲ್ಲ. ಒಳ್ಳೆಯವು ಬಳಕೆಯ ನೆನಪನ್ನು ಬಿಗಿಯಾಗಿ ಹಿಡಿದುಕೊಂಡಿವೆ, ಸಾಧಾರಣವಾದವು ಅದನ್ನು ಕೈಬಿಟ್ಟಿವೆ.

ಇಷ್ಟು ಬರೆದುಕೊಂಡ ಮೇಲೆ ಇನ್ನೊಂದು ಸಂಗತಿ ಹೊಳೆಯಿತು. ಮೇಲಿನ ಮೂರು ಪ್ಯಾರಾಗಳಲ್ಲಿ ನಾನು ಮೂವರ ಹೆಸರು ಬರೆದೆ, ಇಸವಿ ಬರೆದೆ, ಒಬ್ಬಳಿಗೆ ಮೊದಲು ಯಾವ ಕೆಲಸ ಕೊಟ್ಟಿದ್ದರು ಎಂಬುದನ್ನೂ ಬರೆದೆ. ಇದೆಲ್ಲ ಸಿಗುವಂತೆ ಅವರ ಲೋಕ ಬರೆದಿಟ್ಟಿದೆ. ನಾಟ್ಕಿನ್ ಗುರುವೆಂದು ಕಂಡ ಯಿಶಿಂಗ್‌ನ ಕುಂಬಾರರೂ ಹೆಸರಿಲ್ಲದವರಲ್ಲ. ಅಲ್ಲಿ ಪಾತ್ರೆಯ ತಳದಲ್ಲೋ ಹಿಡಿಕೆಯ ಅಡಿಯಲ್ಲೋ ಮಾಡಿದವರ ಮುದ್ರೆ ಒತ್ತುವ ರೂಢಿ ಶತಮಾನಗಳಿಂದ ಇದೆ. ಹದಿನೆಂಟನೆಯ ಶತಮಾನದ ಕೊನೆ, ಹತ್ತೊಂಬತ್ತರ ಆರಂಭದಲ್ಲಿ ಚೆನ್ ಮಾನ್‌ಶೆಂಗ್ ಎಂಬ ಅಧಿಕಾರಿ ಇದ್ದ, ವಿದ್ವಾಂಸ, ಅಕ್ಷರ ಕೆತ್ತುವುದರಲ್ಲಿ ಹೆಸರಾದವನು. ಅವನು ಟೀಪಾಟಿನ ಆಕಾರಗಳನ್ನು ರೂಪಿಸುತ್ತಿದ್ದ, ಯಾಂಗ್ ಪೆಂಗ್ನಿಯನ್ ಎಂಬ ಕುಂಬಾರ ಮಣ್ಣಿನಲ್ಲಿ ಮಾಡುತ್ತಿದ್ದ. ಆ ಪಾತ್ರೆಗಳನ್ನು ವಿದ್ವಾಂಸನ ಹೆಸರಿನಿಂದ ಕರೆಯುತ್ತಾರೆ ನಿಜ. ಆದರೆ ಕುಂಬಾರನ ಮುದ್ರೆಯೂ ಪಾತ್ರೆಯ ಮೇಲೇ ಇದೆ. ಬರೆದವನೂ ಬಡಿದವನೂ ಒಂದೇ ಮಣ್ಣಿನ ಮೇಲೆ ಉಳಿದಿದ್ದಾರೆ.

ಈಗ ನಮ್ಮ ಕಡೆಗೆ ಬರುತ್ತೇನೆ. ಈ ಭಾಗದಿಂದ ಜಗತ್ತಿನ ಮ್ಯೂಸಿಯಂಗಳಿಗೆ ಹೋದ ಪಾತ್ರೆಗಳೆಂದರೆ ಬಿದ್ರಿ. ಕಲಬುರಗಿಯಿಂದ ಬೀದರ ಬೆಳಗ್ಗೆ ಹೋಗಿ ಸಂಜೆ ಬರುವಷ್ಟು ಹತ್ತಿರ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಕರಗಿಸಿ, ಮಣ್ಣಿನ ಅಚ್ಚಿನಲ್ಲಿ ಎರೆಯುತ್ತಾರೆ. ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಬರಿಸುತ್ತಾರೆ. ಆ ಕಪ್ಪಿನ ಮೇಲೆ ಚೂಪು ಮೊನೆಯಿಂದ ಬಳ್ಳಿ, ಹೂ ಬಿಡಿಸುತ್ತಾರೆ. ಗೆರೆ ಹಿಡಿದು ಉಳಿಯಿಂದ ಕೊರೆದು, ಕೊರೆದ ಗಾಡಿಯಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದರೆ ಎಲ್ಲ ಒಂದೇ ಬೂದು ಬಣ್ಣ, ಬೆಳ್ಳಿ ಯಾವುದು ಸತು ಯಾವುದು ತಿಳಿಯದು. ಕೊನೆಗೆ ಬರುತ್ತದೆ ಮಣ್ಣು. ಬೀದರ ಕೋಟೆಯಲ್ಲಿ ಮಳೆ, ಬಿಸಿಲು ತಾಗದ ಹಳೆಯ ಕಟ್ಟಡಗಳೊಳಗಿನ ಮಣ್ಣು. ನಾಲಿಗೆಯ ಮೇಲಿಟ್ಟು ರುಚಿ ನೋಡಿ ಆರಿಸುತ್ತಾರೆ. ನವಸಾಗರದ ಜೊತೆ ಕಲಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ಹಚ್ಚಿದರೆ ಸತು ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ತೊಳೆದು ಎಣ್ಣೆ ಸವರಿದಾಗ ಬಳ್ಳಿ ಎದ್ದು ಕಾಣುತ್ತದೆ.

ಹೀಗೆ ಹುಕ್ಕಾದ ಬುಡ, ಸುರಾಯಿ, ಪಾನದಾನ, ತಟ್ಟೆ, ಪನ್ನೀರುದಾನಿಗಳು ಹುಟ್ಟಿದವು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಬಿದ್ರಿ ಇತ್ತು. ಆ ಪ್ರದರ್ಶನದ ಬೆನ್ನಿಗೇ ಹುಟ್ಟಿದ, ಇಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದು ಕರೆಸಿಕೊಳ್ಳುವ ಮ್ಯೂಸಿಯಂನಲ್ಲಿ ಬಿದ್ರಿಯ ಒಳ್ಳೆಯ ಸಂಗ್ರಹವಿದೆ. ಹೈದರಾಬಾದಿನ ಸಾಲಾರ್ ಜಂಗ್‌ನಲ್ಲೂ ಇದೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ಹದಿನೇಳನೆಯ ಶತಮಾನದ ಕೊನೆಯ ಒಂದು ಹುಕ್ಕಾ ಬುಡವಿದೆ. ಅದರ ಮೈತುಂಬ ಐರಿಸ್ ಹೂಗಳು. ಹೂವೊಂದೊಂದೂ ತನ್ನ ತೂಕಕ್ಕೆ ತಾನೇ ಸ್ವಲ್ಪ ಬಾಗಿದೆ. ದುಂಡು ಹೊಟ್ಟೆಯ ಮೇಲೆ ಗಿಡ ನೆಟ್ಟಗೆ ನಿಂತಂತೆ ಕಾಣಬೇಕಾದರೆ ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು ಎಂಬುದನ್ನು ಬಿಡಿಸಿದ ಕೈ ಬಲ್ಲದು. ನಾನು ನೋಡಿದ ಮೂರು ಟೀಪಾಟುಗಳಿಗೆ ಇದು ಯಾವ ರೀತಿಯಲ್ಲೂ ಕಡಿಮೆಯದಲ್ಲ.

ಅದರ ವಿವರದಲ್ಲಿ ಕಾಲವಿದೆ, ಲೋಹವಿದೆ, ಅಳತೆಯಿದೆ, ಬೀದರ ಎಂಬ ಊರಿನ ಹೆಸರಿದೆ. 1984ರಲ್ಲಿ ಯಾವ ನಿಧಿಗಳ ಹಣದಿಂದ ಕೊಂಡರೆಂದು ನಿಧಿಗಳ ಹೆಸರೂ ಇದೆ. ಮಾಡಿದವರ ಹೆಸರಿಲ್ಲ.

ಇದಕ್ಕೆ ನ್ಯೂಯಾರ್ಕಿನವರನ್ನು ಬೈಯುವುದು ಸುಲಭ. ನಾನೂ ಒಂದಷ್ಟು ದಿನ ಬೈದೆ. ದೀಪಾವಳಿಗೆ ಊರಿಗೆ ಹೋದಾಗ ಆಯಿಯ ಕಾಲದ ಪಾತ್ರೆಗಳನ್ನು ಅಟ್ಟದಿಂದ ಇಳಿಸಿ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಹಿತ್ತಾಳೆಯ ಕೊಡ, ತಾಮ್ರದ ಹಂಡೆ, ಸ್ಟೀಲಿನ ಡಬರಿಗಳು. ಒಂದೊಂದರ ಮೇಲೂ ಚುಕ್ಕಿ ಚುಕ್ಕಿಯಾಗಿ ಅಕ್ಷರ ಹೊಡೆಸಿದ್ದಾರೆ. ಇಂಥವರಿಂದ, ಇಂಥವರ ಮದುವೆಗೆ, ಇಂಥ ತಾರೀಖು. ಮುತ್ಯಾನ ಹೆಸರಿದೆ, ಸೋದರಮಾವನ ಹೆಸರಿದೆ, ನಾನು ಮುಖವನ್ನೇ ನೋಡದ ಯಾರೋ ಬೀಗರ ಹೆಸರಿದೆ. ಕೊಟ್ಟವರ ಹೆಸರು ನಮ್ಮ ಮನೆಯ ಎಲ್ಲ ಪಾತ್ರೆಗಳ ಮೇಲಿದೆ. ಬಡಿದ ಕಂಚುಗಾರನ ಹೆಸರು ಒಂದರ ಮೇಲೂ ಇಲ್ಲ. ಮ್ಯೂಸಿಯಂನ ಚೀಟಿಯೂ ನಮ್ಮ ಅಟ್ಟದ ಕೊಡವೂ ಒಂದೇ ಲೆಕ್ಕದಲ್ಲಿ ಹೆಸರು ಬರೆಯುತ್ತವೆ ಎಂದು ಆವತ್ತು ಗೊತ್ತಾಯಿತು.

ಹಾಗೆಂದು ನಮ್ಮಲ್ಲಿ ಬೇರೆ ದಾರಿಯೇ ಇರಲಿಲ್ಲ ಎನ್ನಲಾಗದು. ಹರಿಹರ ಒಬ್ಬ ಕುಂಬಾರನ ಮೇಲೆ ರಗಳೆ ಬರೆದ. ಕುಂಬಾರ ಗುಂಡಯ್ಯನ ಊರು ಇಂದಿನ ಬೀದರ ಜಿಲ್ಲೆಯ ಭಾಲ್ಕಿ ಎನ್ನುತ್ತಾರೆ. ಗಡಿಗೆ ಮಾಡುತ್ತಾ, ಅದನ್ನು ಬಾರಿಸುತ್ತಾ ಅವನು ಕುಣಿದರೆ ಶಿವನೇ ಇಳಿದುಬಂದು ಜೊತೆಗೆ ಕುಣಿದ ಎಂಬುದು ಕಥೆ. ನನಗೆ ಇಷ್ಟವಾಗುವುದು ಆ ಕಥೆಯಲ್ಲಿರುವ ಕಸುಬಿನ ಸತ್ಯ. ಗಡಿಗೆ ಸರಿಯಾಗಿ ಬೆಂದಿದೆಯೇ ಎಂದು ತಿಳಿಯಲು ಬೆರಳಿನಿಂದ ಬಾರಿಸಿಯೇ ನೋಡಬೇಕು. ಸಂತೆಯಲ್ಲಿ ನಮ್ಮ ಹೆಂಗಸರು ಇವತ್ತಿಗೂ ಹಾಗೇ ನೋಡುತ್ತಾರೆ. ಪರೀಕ್ಷೆಯ ಸದ್ದು ಅವನ ಕೈಯಲ್ಲಿ ತಾಳವಾಯಿತು. ಅವನ ಹೆಂಡತಿ ಕೇತಲದೇವಿಯ ಒಂದು ವಚನ ಉಳಿದಿದೆ. ಅದು ಮಣ್ಣಿನ ಹದದಿಂದಲೇ ಶುರುವಾಗುತ್ತದೆ. ಅವಳ ಅಂಕಿತ ಕುಂಭೇಶ್ವರ. ವಚನ ಸಂಪುಟಗಳಲ್ಲಿ ಅವಳ ಹೆಸರಿನ ಮುಂದೆ ಗುಂಡಯ್ಯಗಳ ಪುಣ್ಯಸ್ತ್ರೀ ಎಂದು ಗಂಡನ ಹೆಸರೂ ಬರುತ್ತದೆ. ಆದರೆ ಅಂಕಿತ ಅವಳದೇ, ಅವಳ ಕಸುಬಿನಿಂದಲೇ ಬಂದದ್ದು.

ಯಿಶಿಂಗ್‌ನವರ ಮುದ್ರೆ ನಮ್ಮ ಅಂಕಿತದಂತೆಯೇ ಎಂದು ನಾನು ಒಂದು ಅಧ್ಯಾಯದಲ್ಲಿ ಉತ್ಸಾಹದಿಂದ ಬರೆದೆ. ದುಡಿಯುವವರಿಗೆ ಅಂಕಿತ ಕೊಟ್ಟ ನಾಡು ಇದು, ಬಿದ್ರಿಯವರಿಗೆ ಅದನ್ನು ಯಾಕೆ ಕೊಡಲಿಲ್ಲ ಎಂದು ಕೇಳಿದೆ. ಅಧ್ಯಾಯ ಓದಿದ ನನ್ನ ಮಾರ್ಗದರ್ಶಕರು ಪಕ್ಕದಲ್ಲಿ ಪೆನ್ಸಿಲಿನಿಂದ ಒಂದೇ ಸಾಲು ಬರೆದರು. ವಚನದ ಅಂಕಿತ ಬರೆದವರ ಹೆಸರಲ್ಲ, ಅವರ ದೇವರ ಹೆಸರು. ಇದನ್ನು ಮತ್ತೊಮ್ಮೆ ಯೋಚಿಸಿ. ಅವರ ಮಾತು ಸರಿಯಾಗಿತ್ತು. ನಾನು ಅಂಕಿತವನ್ನು ಸಹಿ ಎಂದುಕೊಂಡಿದ್ದೆ. ಅದು ತನ್ನ ಹೆಸರನ್ನು ಬದಿಗಿಟ್ಟು ಇನ್ನೊಬ್ಬರ ಹೆಸರು ಹೇಳುವ ರೀತಿ. ಆದರೂ ಆ ಅಂಕಿತದಿಂದಲೇ ಈ ವಚನ ಯಾರದೆಂದು ತಿಳಿಯುತ್ತೇವೆ. ಹೆಸರು ಅಡಗಿಸಿದರೂ ಕೈ ಗುರುತು ಸಿಗುವ ಹಾಗೆ ಬರೆದಿಡುವ ಇಂಥದ್ದೊಂದು ಏರ್ಪಾಟು ಪಾತ್ರೆಗಳಿಗೆ ಆಗಲಿಲ್ಲ.

ಇದನ್ನು ಯೋಚಿಸುತ್ತಿದ್ದ ದಿನಗಳಲ್ಲೇ ಬೀದರಿನ ಒಂದು ಕಾರ್ಖಾನೆಗೆ ಹೋಗುತ್ತಿದ್ದೆ. ಕಾರ್ಖಾನೆ ಎಂದರೆ ಬೀದಿಗೆ ತೆರೆದ ಒಂದು ಕೋಣೆ, ನೆಲದ ಮೇಲೆ ನಾಲ್ಕು ಜನ ಕೂತು ಬಡಿಯುವಷ್ಟು ಜಾಗ. ಅಲ್ಲಿ ಹಿರಿಯರೊಬ್ಬರಿದ್ದಾರೆ, ನಾನು ಚಾಚಾ ಎನ್ನುತ್ತೇನೆ. ಆ ವಾರ ಅವರ ಮುಂದೆ ಇದ್ದದ್ದು ಟೀಪಾಟು. ಬೆಂಗಳೂರಿನ ಒಬ್ಬ ವಿನ್ಯಾಸಕಾರರ ಆರ್ಡರು, ಪ್ರದರ್ಶನಕ್ಕೆ. ಕಂಪ್ಯೂಟರಿನಲ್ಲಿ ಬರೆದ ನಕ್ಷೆಯನ್ನು ಗೋಡೆಗೆ ಅಂಟಿಸಿದ್ದರು. ಅಗಲವಾದ ಚಪ್ಪಟೆ ಹೊಟ್ಟೆ, ಕೆಳಗಿನಿಂದ ಹೊರಟು ಅಡ್ಡಡ್ಡ ಚಾಚಿದ ಮೂತಿ. ಕಾಗದದ ಮೇಲೆ ಬಹಳ ಚೆಂದವಿತ್ತು.

ನೆಲದ ಮೇಲಿದ್ದ ಪಾತ್ರೆಯ ಮೂತಿ ಮಾತ್ರ ಮೇಲಕ್ಕೆ ಎದ್ದಿತ್ತು.

"ಚಾಚಾ, ನಕ್ಷೆದಾಗ ಹಿಂಗಿಲ್ಲಲ್ರೀ?"

"ಇಲ್ಲ ಬೇಟಾ. ಅವ್ರು ಬರ್ದಂಗ ಮಾಡಿದ್ದೆ ಮೊದ್ಲು. ನೀರು ಹಾಕಿ ನೋಡ್ದೆ. ಅರ್ಧ ತುಂಬೂದ್ರಾಗ ಮೂತಿಯಿಂದ ಹೊರಗ ಬಂತು."

ನಿಜ, ಮೂತಿಯ ತುದಿ ಪಾತ್ರೆಯ ಬಾಯಿಗಿಂತ ಕೆಳಗಿದ್ದರೆ ಪಾತ್ರೆ ತುಂಬುವುದೇ ಇಲ್ಲ. ಕಾಕಾನ ಕಿಟ್ಲಿ ನೋಡಿ ಬೆಳೆದ ನನಗೆ ಗೊತ್ತಿರಬೇಕಾಗಿತ್ತು, ಆದರೆ ಗೋಡೆಯ ಮೇಲಿನ ನಕ್ಷೆಯಲ್ಲಿ ನನಗದು ಕಂಡಿರಲಿಲ್ಲ. ಚಾಚಾ ಮೂತಿಯನ್ನು ಬಿಚ್ಚಿಸಿ, ಹೊಸದನ್ನು ಎರೆಸಿ, ಬೇರೆ ಕೋನದಲ್ಲಿ ಬೆಸೆಸಿದ್ದರು. ಎರಡು ದಿನದ ಕೆಲಸ, ಅದರ ಕೂಲಿ ಯಾರೂ ಕೊಡುವುದಿಲ್ಲ. ಮುಚ್ಚಳದ ಗುಬಟಿಯ ಬುಡದಲ್ಲಿ ಸೂಜಿಯಷ್ಟು ಸಣ್ಣ ರಂಧ್ರವನ್ನೂ ಕೊರೆದಿದ್ದರು. ಒಳಗೆ ಗಾಳಿ ಹೋಗದಿದ್ದರೆ ಧಾರೆ ಕುಕ್ಕುತ್ತಾ ಬೀಳುತ್ತದೆ. ನಕ್ಷೆಯಲ್ಲಿ ಆ ರಂಧ್ರವೂ ಇರಲಿಲ್ಲ.

ನಾನು ಕೇಳಿದೆ, "ಇದ್ರಾಗ ಯಾರೂ ಚಾ ಕುಡ್ಯಂಗಿಲ್ಲಲ್ರೀ ಚಾಚಾ?" ಸತು ಹುಳಿಗೆ ಕರಗುವ ಲೋಹ. ಬಿದ್ರಿಯ ಪಾತ್ರೆಯಲ್ಲಿ ಬಿಸಿ ಚಹಾ ಇಟ್ಟು ಕುಡಿಯುವುದು ಮೈಗೂ ಒಳ್ಳೆಯದಲ್ಲ, ಪಾತ್ರೆಗೂ ಒಳ್ಳೆಯದಲ್ಲ. ಇದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಚಾಚಾ ಉಳಿಯ ಮೊನೆಯನ್ನು ಕಲ್ಲಿಗೆ ಉಜ್ಜುತ್ತಾ ಹೇಳಿದರು: "ಕುಡ್ಯಂಗಿಲ್ಲ. ಆದ್ರ ಸುರುವಿದ್ರ ಬೀಳೂವಂಗ ಇರ್ಬೇಕಲ್ಲ ಬೇಟಾ. ಇಲ್ಲಾಂದ್ರ ಕಿಟ್ಲಿ ಅಂತ ಯಾಕನ್ಬೇಕು ಅದಕ್ಕ?"

ಮಾಲೆವಿಚ್‌ನ ಮಾತಿಗೆ ನೂರು ವರ್ಷಗಳ ಮೇಲೆ ಬೀದರಿನಿಂದ ಸಿಕ್ಕ ಉತ್ತರ ಎಂದು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಕೆಲವು ತಿಂಗಳ ಬಳಿಕ ಒಂದು ವಿಚಾರ ಸಂಕಿರಣದಲ್ಲಿ ಆ ಟೀಪಾಟಿನ ಬಗ್ಗೆಯೇ ಪ್ರಬಂಧ ಓದಿದೆ. ಬದಲಾದ ಮೂತಿ ಆ ಪಾತ್ರೆಯ ರೂಪವನ್ನೇ ಹೇಗೆ ಉತ್ತಮಗೊಳಿಸಿತು ಎಂದು ವಿವರಿಸಿದೆ. ಚಪ್ಪಟೆ ಹೊಟ್ಟೆಯ ಮೇಲೆ ಓಡುವ ಬೆಳ್ಳಿಯ ಬಳ್ಳಿಗೆ ಮೊದಲಿನ ಅಡ್ಡ ಮೂತಿಯಲ್ಲಿ ಹೋಗಲು ಜಾಗವೇ ಇರಲಿಲ್ಲ. ಈಗ ಅದು ಹೊಟ್ಟೆಯಿಂದ ಮೂತಿಗೆ ಹಬ್ಬಿ ತುದಿಯಲ್ಲಿ ಮೊಗ್ಗಾಗಿ ನಿಂತಿದೆ. ಕೈಗೆ ಬೇಕಾದದ್ದು ಕಣ್ಣಿಗೂ ಬೇಕಾದದ್ದಾಯಿತು ಎಂದೆ. ಜನ ಮೆಚ್ಚಿಕೊಂಡರು.

ಸಂಕಿರಣದ ಪುಸ್ತಕ ಅಚ್ಚಾಗಿ ಬಂದಾಗ ನನ್ನ ಪ್ರಬಂಧವನ್ನು ನಾನೇ ಓದಿದೆ. ವಿನ್ಯಾಸಕಾರರ ಪೂರ್ತಿ ಹೆಸರಿತ್ತು, ಅವರು ಓದಿದ ಸಂಸ್ಥೆಯ ಹೆಸರಿತ್ತು. ಅದರ ಕೆಳಗಿನ ಸಾಲಿನಲ್ಲಿ "ಬೀದರಿನ ಒಬ್ಬ ಹಿರಿಯ ಕುಶಲಕರ್ಮಿ" ಎಂದಿತ್ತು.

ಇದನ್ನು ಯಾರೂ ನನ್ನಿಂದ ಬರೆಸಲಿಲ್ಲ. ಚಾಚಾನ ಹೆಸರು ನನಗೆ ಗೊತ್ತಿತ್ತು, ಅವರ ಫೋನ್ ನಂಬರ್ ನನ್ನ ಮೊಬೈಲಿನಲ್ಲಿತ್ತು. ಬರೆಯುವಾಗ ಕೈ ತಾನಾಗಿ ಹಾಗೆ ಬರೆಯಿತು. ವಿನ್ಯಾಸ ಎಂಬ ಮಾತಿನ ಹಿಂದೆ ಹೆಸರು ಬರಬೇಕು, ಕುಶಲಕರ್ಮಿ ಎಂಬ ಮಾತಿನ ಹಿಂದೆ ಊರು ಬಂದರೆ ಸಾಕು ಎಂದು ಆ ಕೈಗೆ ಯಾರೋ ಕಲಿಸಿದ್ದರು. ನಾಲ್ಕು ವರ್ಷದಿಂದ ನಾನು ತಯಾರಿಸುತ್ತಿರುವ ಪಟ್ಟಿಯಲ್ಲಿ "ತಯಾರಕರು" ಎಂಬ ಅಂಕಣವಿದೆ. ಪುಟಗಟ್ಟಲೆ "ತಿಳಿದಿಲ್ಲ" ಎಂದು ತುಂಬಿದೆ. ಹದಿನೇಳನೆಯ ಶತಮಾನದ ವಸ್ತುವಿಗೆ ಆ ಮಾತು ಸರಿ. ನನ್ನ ಕಣ್ಣೆದುರೇ ತಯಾರಾದ ಪಾತ್ರೆಗೂ ನಾನು ಬರೆದದ್ದು ಹೆಚ್ಚುಕಡಿಮೆ ಅದನ್ನೇ.

ಈಗ ಕಾಲ ಬದಲಾಗಿದೆ ಎನ್ನುವವರಿದ್ದಾರೆ. ಅದೂ ಸುಳ್ಳಲ್ಲ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಈ ಭಾಗದ ನ್ಯೂಸ್ ಪೇಪರುಗಳ ಮೊದಲ ಪುಟದಲ್ಲಿ ಬಿದ್ರಿಯ ಕಲಾವಿದರೊಬ್ಬರ ಹೆಸರೂ ಮುಖವೂ ಕಂಡವು. ಕಲಬುರಗಿಯಲ್ಲಿ ನಾವೆಲ್ಲ ಖುಷಿಪಟ್ಟೆವು. ಆದರೆ ಭೌಗೋಳಿಕ ಗುರುತು ಊರನ್ನು ಕಾಯುತ್ತದೆ, ಪ್ರಶಸ್ತಿ ಒಬ್ಬರನ್ನು ಗೌರವಿಸುತ್ತದೆ. ಒಂದೊಂದು ಪಾತ್ರೆಯ ಜೊತೆ ಹೋಗುವ ಚೀಟಿಯಲ್ಲಿ ಏನು ಬರೆಯಬೇಕು ಎಂಬ ಪ್ರಶ್ನೆ ಇವೆರಡರ ನಡುವೆ ಹಾಗೇ ಉಳಿದಿದೆ.

ಅಚ್ಚಾದ ಪುಸ್ತಕ ಹಿಡಿದುಕೊಂಡು ಚಾಚಾನ ಹತ್ತಿರ ಹೋದೆ. ತಪ್ಪಾಯಿತು ಎಂದೆ. ಇದೇ ವಿಷಯ ಮತ್ತೆ ಬರೆಯುತ್ತೇನೆ, ಈ ಸಲ ನಿಮ್ಮ ಹೆಸರು ಹಾಕುತ್ತೇನೆ ಎಂದೆ. ಅವರು ಖುಷಿಯಾಗುತ್ತಾರೆ ಎಂದುಕೊಂಡಿದ್ದೆ. ಪುಸ್ತಕದ ಫೋಟೋ ನೋಡಿ, ಬಳ್ಳಿಯ ಮೇಲೆ ಹೆಬ್ಬೆರಳು ಆಡಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಂದೊಂದೇ ಹ್ಯಾಂಗ ಹಾಕ್ತಿ? ಎರ್ದವ ಬ್ಯಾರೆ. ಬಳ್ಳಿ ಬರ್ದವ ನನ್ನ ತಮ್ಮ. ಕೊರ್ದಿದ್ದು ನಾನು. ಬೆಳ್ಳಿ ಕೂರ್ಸಿದ್ದು ಈ ಹುಡುಗ. ಉಜ್ಜಿ, ಕಪ್ಪು ಮಾಡಿದಾಕಿ ಮನ್ಯಾಗ ಕುಂತಾಳ, ಆಕಿನ ಯಾರೂ ನೋಡೇ ಇಲ್ಲ. ಹಾಕೂದಾದ್ರ ಐದೂ ಮಂದಿದು ಹಾಕು. ಇಲ್ಲಾಂದ್ರ ಬ್ಯಾಡ."

ಮೂತಿ ಎತ್ತರಿಸಿದ್ದು ನೀವೇ ಅಲ್ಲವೇ ಎಂದು ವಾದಿಸಿದೆ. ಅದನ್ನು ಎರೆದವನೂ ಹೇಳಿದ್ದನಂತೆ. ಮೊದಲು ಹೇಳಿದವರು ಯಾರು ಎಂದು ಇಬ್ಬರಿಗೂ ನೆನಪಿಲ್ಲ.

ಆ ಮಾತು ನನ್ನ ಅಧ್ಯಾಯವನ್ನು ಇನ್ನೊಮ್ಮೆ ಕೆಡವಿತು. ಕಲಾವಿದರ ಟೀಪಾಟಿನ ಲೋಕ ಒಂದು ಪಾತ್ರೆಗೆ ಒಂದು ಹೆಸರು ಬೇಕೆನ್ನುತ್ತದೆ. ಆ ಲೆಕ್ಕಕ್ಕೆ ಬಿದ್ರಿಯನ್ನು ಹೊಂದಿಸಲು ಹೊರಟರೆ ಐವರಲ್ಲಿ ಒಬ್ಬರನ್ನು ಕಲಾವಿದರನ್ನಾಗಿ ಮಾಡಿ ಉಳಿದ ನಾಲ್ವರನ್ನು ಮತ್ತೆ "ತಿಳಿದಿಲ್ಲ" ಎಂಬ ಅಂಕಣಕ್ಕೆ ತಳ್ಳಬೇಕಾಗುತ್ತದೆ. ಹಾಗೆ ಆರಿಸಿದಾಗ ಮನೆಯೊಳಗೆ ಕೂತು ಕಪ್ಪು ಬರಿಸುವವಳ ಹೆಸರು ಯಾವತ್ತೂ ಮೊದಲು ಬರುವುದಿಲ್ಲ. ಆದರೆ ಅವಳ ಕೈ ಮುಟ್ಟುವವರೆಗೂ ಬೆಳ್ಳಿಯೂ ಕಾಣುವುದಿಲ್ಲ, ಬಳ್ಳಿಯೂ ಕಾಣುವುದಿಲ್ಲ. ಯಿಶಿಂಗ್‌ನ ಪಾತ್ರೆಯ ಮೇಲೆ ಇಬ್ಬರ ಗುರುತಿಗೆ ಜಾಗ ಸಿಕ್ಕಿತ್ತು. ಸಿನಿಮಾ ಮುಗಿದ ಮೇಲೆ ಲೈಟ್‌ಬಾಯ್‌ವರೆಗೂ ಹೆಸರುಗಳು ಪರದೆಯ ಮೇಲೆ ಹೋಗುತ್ತವೆ. ಮ್ಯೂಸಿಯಂನ ಗಾಜಿನ ಪೆಟ್ಟಿಗೆಯ ಮುಂದೆ ಐದು ಸಾಲಿಗೆ ಜಾಗವಿಲ್ಲ ಎನ್ನುವುದನ್ನು ನಾನು ನಂಬಲಾರೆ. ನಿಧಿಗಳ ಹೆಸರಿಗೆ ಜಾಗ ಸಿಕ್ಕೇ ಸಿಗುತ್ತದಲ್ಲ.

ಇನ್ನೂ ಒಂದು ಸಾಲು ಬೇಕೆನಿಸುತ್ತದೆ. ಮೂತಿಯ ತುದಿ ಬಾಯಿಗಿಂತ ಮೇಲಿದೆ, ಮುಚ್ಚಳದಲ್ಲಿ ಗಾಳಿಗೆ ರಂಧ್ರವಿದೆ, ನೀರು ಹಾಕಿ ನೋಡಿದ್ದಾರೆ ಎಂದು. ಬೀಗ ಹಾಕಿದ ಪೆಟ್ಟಿಗೆಯೊಳಗಿನ ಪಾತ್ರೆ ಸುರಿಯಬಲ್ಲದು ಎಂಬುದು ನೋಡುವವರಿಗೆ ತಿಳಿಯುವ ದಾರಿ ಬೇರೆ ಇಲ್ಲ. ಹಾಗೆ ಸುರಿಯಬಲ್ಲ ಪಾತ್ರೆ ಸುರಿಯದೆ ನಿಂತಿರುವುದೇ ಅದರ ಚೆಲುವು ಎಂದು ನಾನು ತಿಳಿಯುತ್ತೇನೆ.

ಈ ಬರಹದಲ್ಲೂ ಚಾಚಾನ ಹೆಸರಿಲ್ಲ ಎಂಬುದನ್ನು ಓದುಗರು ಗಮನಿಸಿರಬಹುದು. ವಿನ್ಯಾಸಕಾರರ ಹೆಸರನ್ನೂ ಬಿಟ್ಟಿದ್ದೇನೆ, ಒಬ್ಬರದ್ದು ಬರೆದು ಐವರದ್ದು ಬಿಡುವ ಕೆಲಸ ಎರಡನೆಯ ಸಲ ಮಾಡಬಾರದೆಂದು. ನಾಲ್ವರನ್ನು ಭೇಟಿಯಾಗಿ ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ಐದನೆಯವರನ್ನು ಇನ್ನೂ ನೋಡಿಲ್ಲ. ಬರುವ ಶುಕ್ರವಾರ ಮನೆಗೆ ಬಾ, ಚಹಾ ಕುಡಿದು ಹೋಗುವೆಯಂತೆ ಎಂದು ಹೇಳಿ ಕಳುಹಿಸಿದ್ದಾರೆ. ನನ್ನ ಪಟ್ಟಿಯಲ್ಲಿ ಆ ಟೀಪಾಟಿನ ಮುಂದಿನ ಖಾನೆಯನ್ನು ಐದು ಸಾಲು ಅಗಲ ಮಾಡಿ, ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.